ಹುಚ್ಚರಂಗಯ್ಯನವರು ಪಿಡಿಎಫ್‌ನಲ್ಲಿ ಬಂದದ್ದು

ಸತ್ತವರು ತಿರುಗಿ ಬರುವುದಕ್ಕೆ ನಮ್ಮ ತಿಪಟೂರು ಸೀಮೆಯಲ್ಲಿ ಗೊತ್ತಾದ ಕೆಲವು ದಾರಿಗಳಿವೆ. ಕೆಲವರು ಕನಸಿನಲ್ಲಿ ಬರುತ್ತಾರೆ. ಕೆಲವರು ಸೊಸೆಯ ಮೈಮೇಲೆ ಬಂದು ಕೋಳಿ ಕೇಳುತ್ತಾರೆ. ಸಂಕೋಚದ ಸ್ವಭಾವದವರು ಕಾಗೆಯಾಗಿ ಬಂದು ಎಡೆ ಮುಟ್ಟಿ ಸುಮ್ಮನೆ ಹೋಗುತ್ತಾರೆ. ಪಿಡಿಎಫ್‌ನಲ್ಲಿ ಬಂದವರು ಮಾತ್ರ, ನನಗೆ ತಿಳಿದಮಟ್ಟಿಗೆ, ಬಿಳಿಕಲ್ಲುಪಾಳ್ಯದ ಹುಚ್ಚರಂಗಯ್ಯನವರೊಬ್ಬರೇ.

ಹೊನ್ನವಳ್ಳಿ ದಾಟಿ, ಬಸ್ಸಿಳಿದು, ತೋಟಗಳ ನಡುವಿನ ಬಂಡಿದಾರಿಯಲ್ಲಿ ನಡೆದರೆ ಬಿಳಿಕಲ್ಲುಪಾಳ್ಯ ಸಿಗುತ್ತದೆ. ಊರಿಗೊಂದು ತೆಂಗು ಬೆಳೆಗಾರರ ಸಂಘ, ಸಂಘಕ್ಕೊಂದು ಕಂಪ್ಯೂಟರು, ಕಂಪ್ಯೂಟರಿಗೊಬ್ಬ ಭೀಮರಾಜು. ಎರಡು ಸಾವಿರದ ಏಳನೇ ಇಸವಿಯ ಹೊತ್ತಿಗೆ ಊರಿನ ಆಸ್ತಿ ಇಷ್ಟು. ಹುಚ್ಚರಂಗಯ್ಯನವರು ಬಹಳ ಕಾಲ ಈ ಸಂಘದ ಅಧ್ಯಕ್ಷರಾಗಿದ್ದು ಹಿಂದಿನ ವರ್ಷ ತೀರಿಕೊಂಡಿದ್ದರು. ಅವರ ಕುರ್ಚಿಯಲ್ಲಿ ಈಗ ಗಿಡ್ಡಯ್ಯನವರು ಕೂರುತ್ತಿದ್ದರು. ಕುರ್ಚಿ ದೊಡ್ಡದಾಯಿತೆಂದು ಒಂದು ದಿಂಬು ಹಾಕಿಕೊಂಡಿದ್ದರು.

ಭೀಮರಾಜು ತಿಪಟೂರಿನಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತವನು. ಅದರಲ್ಲಿ ಅರ್ಧಕ್ಕರ್ಧ ದಿನ ಕರೆಂಟೇ ಇರಲಿಲ್ಲ ಎಂಬುದು ಬೇರೆ ಮಾತು. ಸಂಘದ ಪ್ರೋಗ್ರಾಮನ್ನು ಬರೆದವರು ತುಮಕೂರಿನ ಯಾರೋ ಹುಡುಗರು. ಬಂದರು, ಕೂರಿಸಿದರು, ಎಳನೀರು ಕುಡಿದು ಹೋದರು. ಭೀಮರಾಜುವಿನ ಕೈಗೆ ಬಿಟ್ಟದ್ದು ಪುಟದ ಟೆಂಪ್ಲೇಟನ್ನು ಮಾತ್ರ. ಟೆಂಪ್ಲೇಟು ಅಂದರೆ ಬೆಲ್ಲದ ಅಚ್ಚಿನಂಥದ್ದು. ಹೆಸರಿನ ಜಾಗ, ಮರದ ಜಾಗ, ರೋಗದ ಜಾಗ ಖಾಲಿ ಬಿಟ್ಟು ಪುಟ ಮಾಡಿಟ್ಟಿರುತ್ತಾರೆ. ಸದಸ್ಯರ ನಂಬರು ಕೊಟ್ಟು ಗುಂಡಿ ಒತ್ತಿದರೆ ಆಯಾ ಜಾಗಕ್ಕೆ ಆಯಾ ಮಾತು ಬಂದು ಕೂತು, ಪುಟ ಪಿಡಿಎಫ್ ಆಗಿ ಇಳಿಯುತ್ತದೆ. ಆ ಪುಟದ ಅಂಚಿಗೆ ಬಳ್ಳಿ ಬಿಡಿಸುವುದು, ಅಕ್ಷರ ದಪ್ಪ ಮಾಡುವುದು, ಇಷ್ಟು ಭೀಮರಾಜುವಿನ ಅಧಿಕಾರ. ಊರಿನಲ್ಲಿ ಅವನು ಹೇಳಿಕೊಂಡದ್ದು ಮಾತ್ರ ಪ್ರೋಗ್ರಾಮು ಪೂರ್ತಿ ತನ್ನದೇ ಎಂದು. ಅಲ್ಲ ಎನ್ನುವಷ್ಟು ತಿಳಿದವರು ಊರಲ್ಲಿ ಯಾರೂ ಇರಲಿಲ್ಲವಾದ್ದರಿಂದ ಅದು ನಿಜವೇ ಆಗಿಹೋಗಿತ್ತು.

ಅವನು ಮೊಟ್ಟಮೊದಲು ಮಾಡಿದ ಟೆಂಪ್ಲೇಟು ಹುಚ್ಚರಂಗಯ್ಯನವರ ಶ್ರದ್ಧಾಂಜಲಿ ಪತ್ರದ್ದು. ಸದಸ್ಯರೊಬ್ಬೊಬ್ಬರ ಹೆಸರೂ ತಂತಾನೇ ಬಂದು ಕೂತು, ಸುತ್ತ ಹೊಂಬಾಳೆಯ ಅಂಚು, ಹಿಂದೆ ಮಂಜಿನಲ್ಲಿ ನಿಂತಂತೆ ತೆಳ್ಳಗೆ ಅಧ್ಯಕ್ಷರ ಮುಖ, ದಪ್ಪ ಮೀಸೆ, ಹೆಗಲ ಮೇಲೆ ಶಾಲು. ಊರೆಲ್ಲ ಹೊಗಳಿತು. ಸಮಾರಾಧನೆಗೆ ಬಂದಿದ್ದ ಚಿಕ್ಕನಾಯಕನಹಳ್ಳಿ ಕಡೆಯ ನೆಂಟರೊಬ್ಬರಂತೂ, ನಮ್ಮ ಅಪ್ಪನಿಗೂ ಹಿಂಗೇ ಮಾಡಿಕೊಡಪ್ಪ ಎಂದು ಮುಂಗಡವಾಗಿ ಹೇಳಿಹೋದರು. ಅವರ ಅಪ್ಪ ಪಕ್ಕದಲ್ಲೇ ಕೂತು ಪಾಯಸ ಉಣ್ಣುತ್ತಿದ್ದರು.

ಅಂಥ ಅಂಚನ್ನು ಬಿಡಲು ಯಾರಿಗೆ ಮನಸ್ಸು ಬರುತ್ತದೆ? ಮರುವರ್ಷ ಸಂಘದವರು ಸದಸ್ಯರಿಗೆಲ್ಲ ತೋಟದ ವರದಿ ಕೊಡಬೇಕೆಂದು ತೀರ್ಮಾನಿಸಿದಾಗ, ನುಸಿ ಎಷ್ಟು, ಕಪ್ಪುತಲೆ ಹುಳು ಎಷ್ಟು, ಬೇವಿನ ಹಿಂಡಿ ಎಷ್ಟು ಹಾಕಬೇಕು ಎಂಬುದಕ್ಕೆಲ್ಲ ಭೀಮರಾಜು ಅದೇ ಶ್ರದ್ಧಾಂಜಲಿಯನ್ನೇ ನಕಲು ಮಾಡಿಕೊಂಡು ಕೂತ. ಮಾತುಗಳನ್ನು ಅಳಿಸಿದ. ಅಂಚು ಉಳಿಸಿದ. ಮುಖವನ್ನು ಅಳಿಸಲು ಹೋದರೆ ಅಂಚೂ ಕಿತ್ತುಕೊಂಡು ಬರುತ್ತಿತ್ತು. ಅದಕ್ಕೆ, ಪರದೆಯ ಮೇಲೆ ಮುಖ ಕಾಣಿಸಬೇಡ ಎಂದು ಒಂದು ಸಾಲು ಬರೆದ. ಕಾಣಲಿಲ್ಲ. ಕಾಣದ್ದು ಇಲ್ಲ ಎಂದುಕೊಂಡು ಟೀ ಕುಡಿಯಲು ಹೋದ. ಪರದೆಗೆ ಬರುವಾಗ ಪುಟಕ್ಕೆ ಒಂದು ವೇಷ, ಕಾಗದಕ್ಕೆ ಇಳಿಯುವಾಗ ಇನ್ನೊಂದು ವೇಷ ಎನ್ನುವುದನ್ನು ತಿಪಟೂರಿನಲ್ಲಿ ಹೇಳಿಕೊಟ್ಟ ದಿನ ಕರೆಂಟ್ ಇರಲಿಲ್ಲವೋ ಏನೋ. ಟೀ ಕುಡಿದು ಬರುವಷ್ಟರಲ್ಲಿ ಆ ಸಾಲನ್ನೇ ಮರೆತಿದ್ದ.

ಸಂಘದ ಪ್ರಿಂಟರು ಕೆಟ್ಟು ಕೂತಿತ್ತು. ಅಲ್ಲಿನ ಮಷೀನಿನಲ್ಲಿ ಪಿಡಿಎಫ್ ತೆರೆದರೆ ಅದು ಉಸಿರುಕಟ್ಟಿ ನಿಂತುಬಿಡುತ್ತಿತ್ತು. ಹಾಗಾಗಿ ಕಡತಗಳನ್ನೆಲ್ಲ ತೆರೆಯದೆಯೇ ಪೆನ್‌ಡ್ರೈವಿಗೆ ತುಂಬಿ, ತಿಪಟೂರಿನ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ, ಕಟ್ಟು ಬಿಚ್ಚದೆ ತಂದದ್ದಾಯಿತು. ಹಂಚುವ ದಿನ ಶಾಮಿಯಾನ ಹಾಕಿದರು. ಭೀಮರಾಜು ಮೈಕಿನ ಮುಂದೆ ನಿಂತು, "ಈ ಕಾಗದದಾಗೆ ನನ್ನ ಕಣ್ಣು ತಪ್ಪಿಸಿ ಒಂದು ಚುಕ್ಕೆನೂ ಬಂದಿಲ್ಲ" ಎಂದ. ಚಪ್ಪಾಳೆ ಬಿತ್ತು.

ಮೊದಲು ನೋಡಿದವಳು ಭೀಮರಾಜುವಿನ ಪಕ್ಕದ ಮನೆಯ ಚಿಕ್ಕಗಂಗಮ್ಮ. ಓದು ಬಂದವರೆಲ್ಲ ತಮ್ಮ ಹೆಸರು ಸರಿಯಾಗಿದೆಯೇ, ಪಕ್ಕದವನ ತೋಟಕ್ಕೆ ತಮಗಿಂತ ಹೆಚ್ಚು ನುಸಿ ಬಂದಿದೆಯೇ ಎಂದು ನೋಡುವುದರಲ್ಲಿದ್ದರು. ಮುದುಕಿಗೆ ಓದು ಬಾರದು. ಕಾಗದ ಗಟ್ಟಿಯಾಗಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡಿದಳು. ನೋಡಿದವಳು ಹಾಗೇ ಸೆರಗು ತಲೆಮೇಲೆ ಎಳೆದುಕೊಂಡಳು, ಹಿರಿಯರ ಮುಂದೆ ನಿಂತಾಗ ಎಳೆದುಕೊಳ್ಳುವಂತೆ.

"ಭೀಮ, ಇವ್ರು ಯಾಕ್ಲಾ ಇಲ್ಲಿ ಅವ್ರೆ?" ಎಂದು ಕೇಳಿದಳು.

"ಯಾರಜ್ಜಿ?"

"ಅಧ್ಯಕ್ಷರು. ನುಸಿ ಹಿಂದ್ಗಡೆ ನಿಂತವ್ರೆ ನೋಡು."

ಭೀಮರಾಜು ನೋಡಿದ. ಬೇವಿನ ಹಿಂಡಿ, ಮರಕ್ಕೆ ಇಷ್ಟು ಕಿಲೋ, ಎನ್ನುವ ಸಾಲಿನ ಆಚೆಯಿಂದ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು. ಓಡಿಹೋಗಿ ಕಂಪ್ಯೂಟರು ಹಾಕಿ ಅದೇ ವರದಿ ತೆಗೆದ. ಪರದೆ ತೊಳೆದಿಟ್ಟ ತಟ್ಟೆಯ ಹಾಗೆ ಶುಭ್ರವಾಗಿತ್ತು. ಕಾಗದ ನೋಡಿದ, ಮುಖ ಇತ್ತು. ಪರದೆ ನೋಡಿದ, ಇರಲಿಲ್ಲ. ಅವನು ಕಂಪ್ಯೂಟರನ್ನು ಆರಿಸದೆಯೇ ಹೊರಗೆ ಬಂದು ಬಾಗಿಲು ಎಳೆದುಕೊಂಡ.

ಸಂಜೆಯೊಳಗೆ ಊರಿನಲ್ಲಿ ಕಾಗದವನ್ನು ಬೆಳಕಿಗೆ ಹಿಡಿಯದ ಮನೆ ಉಳಿಯಲಿಲ್ಲ. ಎಲ್ಲರದ್ದರಲ್ಲೂ ಅವರೇ. ತೋಟ ಹಸನಾಗಿಟ್ಟವರ ಕಾಗದದಲ್ಲಿ ನಗುತ್ತಿದ್ದಾರೆ ಎಂದು ಒಬ್ಬರು, ಕಳೆ ಬೆಳೆಸಿದವರ ಕಾಗದದಲ್ಲಿ ಹುಬ್ಬು ಗಂಟಿಕ್ಕಿದ್ದಾರೆ ಎಂದು ಇನ್ನೊಬ್ಬರು. ಗಿಡ್ಡಯ್ಯನವರು ದೋಷ ಜೆರಾಕ್ಸ್ ಅಂಗಡಿಯದ್ದಿರಬೇಕೆಂದು ಪಿಡಿಎಫ್ ತೆರೆಯದೆಯೇ ನೇರ ಮುದ್ರಿಸುವ ಹೊಸ ಪ್ರಿಂಟರನ್ನು ಸಂಘಕ್ಕೆ ತರಿಸಿದರು. ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ಒಂದು ವರದಿ ತೆಗೆಸಿದರು. ಕಾಗದ ನಿಧಾನವಾಗಿ ಹೊರಗೆ ಬಂತು. ಮೊದಲು ಅಂಚು, ಆಮೇಲೆ ನೆತ್ತಿ, ಆಮೇಲೆ ಹಣೆ, ಆಮೇಲೆ ಕಣ್ಣು. ಮೀಸೆ ಬರುವುದನ್ನು ನೋಡಲು ಯಾರೂ ಕೋಣೆಯಲ್ಲಿ ಉಳಿದಿರಲಿಲ್ಲ. ತಮ್ಮ ಸ್ವಂತ ವರದಿಯನ್ನು ಗಿಡ್ಡಯ್ಯನವರು ತಿಪಟೂರಿನ ಕಟ್ಟಿಗೂ ಸೇರಿಸಿರಲಿಲ್ಲ, ಈಗಲೂ ತೆಗೆಸಲಿಲ್ಲ. ಅಧ್ಯಕ್ಷನಾದವನು ಕೊನೆಗೆ ತೆಗೆದುಕೊಳ್ಳಬೇಕು ಎಂದರು.

ಇಂಥ ಕಾಗದವನ್ನು ಮನೆಯಲ್ಲಿಟ್ಟುಕೊಳ್ಳುವುದು ಹೇಗೆ? ಸುಡುವುದಕ್ಕೆ ಭಯ, ಹರಿಯುವುದಕ್ಕೆ ಅದಕ್ಕಿಂತ ಭಯ. ಕೊನೆಗೆ ಯಾರೋ ಒಬ್ಬರು ಅದಕ್ಕೆ ಕುಂಕುಮ ಇಟ್ಟು, ಹುಚ್ಚರಂಗಯ್ಯನವರ ಹೆಂಡತಿ ರಾಮಕ್ಕನ ತೋಟದ ಮನೆಯ ಬಾಗಿಲಲ್ಲಿ ಇಟ್ಟು, ಹಾರದಂತೆ ಒಂದು ಕಲ್ಲು ಹೇರಿ ಬಂದರು. ಅವರ ವಸ್ತು ಅವರ ಮನೆಗೆ ಸೇರಲಿ ಎನ್ನುವ ನ್ಯಾಯ ಎಲ್ಲರಿಗೂ ಒಪ್ಪಿಗೆಯಾಯಿತು. ದಿನಾ ಬೆಳಗ್ಗೆ ರಾಮಕ್ಕ ಬಾಗಿಲು ತೆಗೆದರೆ ಹೊರಗೆ ಗಂಡ ಇರುತ್ತಿದ್ದ. ಅವಳು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಅಷ್ಟರಲ್ಲಿ, ತನಗೂ ನಾಲ್ಕು ಮರವಿದ್ದು ಸಂಘದ ಸದಸ್ಯನೂ ಆಗಿದ್ದ, ಕಾಯಿ ಕೀಳುವ ಸಣ್ಣತಿಮ್ಮಯ್ಯ ರಾಮಕ್ಕನ ತೋಟದಿಂದ ಅರ್ಧ ಕೆಲಸ ಬಿಟ್ಟು ಇಳಿದು ಬಂದ.

"ಮಟಮಟ ಮಧ್ಯಾನ ಕಣ್ರೀ," ಎಂದ, ಸಂಘದ ಜಗಲಿಯ ಮೇಲೆ ಕೂತು. "ಗೊನೆಗೆ ಕತ್ತಿ ಇಕ್ಕಿದ್ದೆ. ಕೆಳಗ್ಲಿಂದ ಯಾರೋ, ಬಲ್ತಿಲ್ಲ ಬುಡು, ಅಂದ್ರು. ಬಗ್ಗಿ ನೋಡ್ತೀನಿ, ಯಾರೂ ಇಲ್ಲ. ಸಮಾಧಿ ಒಂದೇ ಐತೆ."

ಜಗಲಿಯ ಮೇಲಿದ್ದವರೆಲ್ಲ ಇಳಿಬಿಟ್ಟಿದ್ದ ಕಾಲು ಮೇಲಕ್ಕೆಳೆದುಕೊಂಡರು. ಬಲಿಯದ ಕಾಯಿಗೆ ಕತ್ತಿ ಹಾಕಿದರೆ ಹುಚ್ಚರಂಗಯ್ಯನವರು ಮರದ ಬುಡದಲ್ಲಿ ನಿಂತು ಅನ್ನುತ್ತಿದ್ದ ಮಾತೇ ಅದು.

"ಅದ್ಕೆ ನೀನೇನ್ ಮಾಡ್ದೆ?" ಎಂದರು ಗಿಡ್ಡಯ್ಯ.

"ಬುಟ್ಟೆ. ನಿಜವಾಗ್ಲೂ ಬಲ್ತಿರ್ಲಿಲ್ಲ ಅದು."

ಅಂದಿನಿಂದ ರಾಮಕ್ಕನ ತೋಟಕ್ಕೆ ಯಾವ ಆಳೂ ಹೋಗಲಿಲ್ಲ. ಕಾಯಿ ಬಲಿತು, ಒಣಗಿ, ತಾನಾಗಿ ಬೀಳತೊಡಗಿತು. ಗಾಳಿಯಿಲ್ಲದ ಮಧ್ಯಾಹ್ನ, ಊರೆಲ್ಲ ಉಂಡು ಒರಗಿರುವಾಗ, ತೋಟದ ಒಳಗಿನಿಂದ ಧೊಪ್ ಎನ್ನುವ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕಡೆಯಿಂದ ಧೊಪ್. ಯಾರೋ ದೊಡ್ಡ ಹೆಜ್ಜೆ ಇಟ್ಟು ಅಡ್ಡಾಡುತ್ತಿದ್ದಾರೆ ಎಂದು ಬೇಲಿಯಾಚೆಯ ಮನೆಯವರು ಕದ ಹಾಕಿಕೊಳ್ಳುತ್ತಿದ್ದರು. ಭೀಮರಾಜುವೂ ಆ ದಾರಿ ಬಿಟ್ಟು ಕೆರೆ ಏರಿಯ ಮೇಲೆ ಸುತ್ತಿಕೊಂಡು ಸಂಘಕ್ಕೆ ಹೋಗತೊಡಗಿದ.

ಗಿಡ್ಡಯ್ಯನವರು ಸಭೆ ಕರೆದರು. ಅವರ ವಾದ ಚೊಕ್ಕವಾಗಿತ್ತು. ಹುಚ್ಚರಂಗಯ್ಯನವರನ್ನು ಊರ ಸ್ಮಶಾನಕ್ಕೆ ಒಯ್ಯದೆ ಅವರ ತೋಟದಲ್ಲೇ ಮಣ್ಣು ಮಾಡಿದ್ದು ತಪ್ಪು. ಆ ಜಾಗಕ್ಕೂ ಸಂಘದ ಕಿಟಕಿಗೂ ಎದುರುಬದುರು. ಮಲಗಿದಲ್ಲಿಂದಲೇ ಸಂಘ ಕಾಣುತ್ತಿದ್ದರೆ ಯಾವ ಅಧ್ಯಕ್ಷನ ಜೀವ ತಾನೇ ನೆಮ್ಮದಿಯಾಗಿ ಹೋಗುತ್ತದೆ? ಆದ್ದರಿಂದ ಬರುವ ಅಮಾವಾಸ್ಯೆ ಸಮಾಧಿ ಅಗೆದು, ಇದ್ದಷ್ಟನ್ನು ಎತ್ತಿ, ಊರಾಚೆ ಸ್ಮಶಾನದಲ್ಲಿ ಹೂಳಬೇಕು.

ರಾಮಕ್ಕ ಸಭೆಯ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದಳು. "ನನ್ನ ತೋಟದಾಗೆ ಹಾರೆ ಇಕ್ಕೋನು ಯಾವನೋ ನೋಡೇ ಬುಡ್ತೀನಿ," ಎಂದಳು. ದನಿ ಎತ್ತರಿಸಿರಲಿಲ್ಲ. ಹೇಳಿ ಸೆರಗು ಸಿಕ್ಕಿಸಿಕೊಂಡು ಹೊರಟುಹೋದಳು.

"ಹೆಣ್ ಹೆಂಗಸು ಏನೋ ಸಂಕಟಕ್ಕೆ ಅಂತದೆ. ಭೀಮರಾಜು, ನೀನು ಸದಸ್ಯರಿಗೆಲ್ಲ ಒಂದು ತಿಳಿವಳಿಕೆ ಪತ್ರ ಮಾಡು," ಎಂದರು ಗಿಡ್ಡಯ್ಯ. "ಅಂಚು ಚೆನ್ನಾಗಿರ್ಲಿ."

ಅಂಚು ಎಂದರೆ ಭೀಮರಾಜುವಿಗೆ ಒಂದೇ ಅಂಚು. ಕೂತು, ನಿಂಬೆಹಣ್ಣು ಪಕ್ಕಕ್ಕೆ ಸರಿಸಿ, ವರದಿಯ ಟೆಂಪ್ಲೇಟು ತೆರೆದು ನಕಲು ಮಾಡಿಕೊಳ್ಳಲು ಹೊರಟ. ಆಗ ಆ ಸಾಲು ಕಣ್ಣಿಗೆ ಬಿತ್ತು. ಪರದೆಯ ಮೇಲೆ ಮುಖ ಕಾಣಿಸಬೇಡ. ಪರದೆಯ ಮೇಲೆ. ಕಾಗದದ ಮಾತನ್ನು ಯಾರೂ ಎತ್ತಿರಲಿಲ್ಲ. ಭೀಮರಾಜು ಅದನ್ನು ಓದಿದ, ಇನ್ನೊಮ್ಮೆ ಓದಿದ, ಇಷ್ಟು ದಿನ ತನ್ನನ್ನು ಕೆರೆ ಏರಿಯ ಮೇಲೆ ಸುತ್ತಿಸಿದ ದೆವ್ವ ತಾನೇ ಎಂದು ತಿಳಿದು ಅವನಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ.

ಹೇಳಿಬಿಡಬೇಕು. ಹೇಳಿದರೆ, ಪ್ರೋಗ್ರಾಮು ಬರೆದ ಭೀಮರಾಜು ಎನ್ನುವವನು ಅವತ್ತಿಗೇ ಸತ್ತ. ಒಂದು ಚುಕ್ಕೆನೂ ಕಣ್ಣು ತಪ್ಪಿಲ್ಲ ಎಂದು ಮೈಕಿನಲ್ಲಿ ಅಂದವನು ಇಡೀ ಒಬ್ಬ ಅಧ್ಯಕ್ಷರನ್ನೇ ಕಾಣದೆ ಬಿಟ್ಟಿದ್ದ. ನಾಳೆ ಹೇಳಿದರಾಯಿತು ಎಂದುಕೊಂಡ. ಮರುದಿನವೂ ಅದೇ ಅಂದುಕೊಂಡ. ಈ ಪ್ರಕಾರ ಅಮಾವಾಸ್ಯೆ ಬಂತು.

ನಡುಹಗಲು. ತೋಟದೊಳಗೆ ಬಿಸಿಲು ಗರಿಗಳ ಸಂದಿಯಿಂದ ಸೀಳುಸೀಳಾಗಿ ಬಿದ್ದಿತ್ತು. ಊರಿಗೆ ಊರೇ ನೆರೆದಿತ್ತು, ಕೆಮ್ಮು ಬಂದವರು ದೂರ ಹೋಗಿ ಕೆಮ್ಮಿ ಬರುತ್ತಿದ್ದರು. ಸಮಾಧಿಯ ಮೇಲೆ ರಾಮಕ್ಕ ಕಾಲು ನೀಡಿ ಕೂತು, ತೆಂಗಿನ ಗರಿ ಸೀಳಿ ಕಡ್ಡಿ ತೆಗೆಯುತ್ತಿದ್ದಳು. ಪೊರಕೆಗೆಂದು. ತೊಡೆಯ ಮೇಲೆ ಕುಡುಗೋಲಿತ್ತು.

"ಎದ್ದೇಳಮ್ಮ," ಎಂದರು ಗಿಡ್ಡಯ್ಯ, ಬಹಳ ದೂರದಿಂದ.

"ಅಗೀರಿ. ನಾನೂ ಇಲ್ಲೇ ಇರ್ತೀನಿ. ಇಬ್ರನ್ನೂ ಒಟ್ಟಿಗೇ ತಗಂಡೋಗ್ರಿ, ಖರ್ಚು ಉಳೀತದೆ," ಎಂದಳು ರಾಮಕ್ಕ, ಕಡ್ಡಿಯಿಂದ ಕಣ್ಣೆತ್ತದೆ.

ಹಾರೆ ಕೈಯಿಂದ ಕೈಗೆ ಹೋಯಿತು. ಎಲ್ಲರಿಗೂ ಪಕ್ಕದವನಿಗೆ ಹೆಚ್ಚು ಶಕ್ತಿಯಿದೆ ಎನ್ನಿಸುತ್ತಿತ್ತು. ಹೀಗೆ ಸುತ್ತಿ ಸುತ್ತಿ ಹಾರೆ ಭೀಮರಾಜುವಿನ ಕೈಗೆ ಬಂದಾಗ, ಎಲ್ಲೋ ಹಿಂದುಗಡೆ ಒಂದು ಕಾಯಿ ಧೊಪ್ಪೆಂದು ಬಿತ್ತು. ಅವನ ಬಾಯಿಂದ ಮಾತು ತಾನಾಗಿ ಹೊರಟಿತು.

"ತಡೀರಿ. ಇದು ಅವ್ರಲ್ಲ. ನಾನು ಮಾಡಿದ್ದು. ಶ್ರದ್ಧಾಂಜಲಿ ಪುಟನೇ ನಕಲು ಮಾಡ್ಬುಟ್ಟಿದ್ದೆ. ಫೋಟೋ ಹಿಂದ್ಗಡೆ ಉಳ್ಕಂಡಿತ್ತು, ನಾನು ನೋಡ್ಲಿಲ್ಲ. ಅಷ್ಟೇ ಕಣ್ರೀ."

ಜನ ಅವನನ್ನು ನೋಡಿದರು. ಆಮೇಲೆ ಮೆಲ್ಲಗೆ ಎರಡು ಹೆಜ್ಜೆ ಹಿಂದಕ್ಕೆ ಸರಿದರು.

"ಇವ್ನ ಬಾಯಾಗೆ ಮಾತಾಡ್ತಾವ್ರೆ," ಎಂದಳು ಚಿಕ್ಕಗಂಗಮ್ಮ. "ಹುಟ್ದಾಗ್ಲಿಂದ ನೋಡಿವ್ನಿ, ಈ ಭೀಮ ತಪ್ಪು ಒಪ್ಕಂಡಿದ್ದೇ ಇಲ್ಲ. ಇವ್ನಲ್ಲ ಇದು."

"ಬನ್ನಿ, ತೋರುಸ್ತೀನಿ," ಎಂದು ಭೀಮರಾಜು ಹಾರೆ ಬಿಸಾಡಿದ. ಊರೆಲ್ಲ ಅವನ ಹಿಂದೆ, ಅವನಿಂದ ಸಾಕಷ್ಟು ದೂರ ಬಿಟ್ಟು, ಸಂಘಕ್ಕೆ ನಡೆಯಿತು. ಅವನು ಟೆಂಪ್ಲೇಟು ತೆಗೆದು, ಅಂಚು ಹೋದರೆ ಹೋಗಲಿ ಎಂದು ಮುಖವನ್ನು ಬುಡಸಮೇತ ಅಳಿಸಿದ. "ಸಣ್ಣತಿಮ್ಮಯ್ಯ, ನಿನ್ನ ನಂಬರು ಹೇಳು. ಈಗ ಬರಾದು ಬರೀ ಕಾಗ್ದ, ನೋಡು," ಎಂದು ಗುಂಡಿ ಒತ್ತಿದ.

ಪ್ರಿಂಟರು ಗುರ್ ಎಂದಿತು. ಅಂಚು ಬಂತು. ನೆತ್ತಿ ಬಂತು. ಹಣೆ ಬಂತು. ಕಣ್ಣು ಬಂತು.

ಭೀಮರಾಜುವಿನ ಕೈ ಗುಂಡಿಯ ಮೇಲೆ ಹಾಗೇ ಉಳಿಯಿತು. ಅಳಿಸಿದ್ದು ಅವನೇ. ತನ್ನ ಕಣ್ಣಾರೆ, ತನ್ನ ಕೈಯಾರೆ. ಈಗ ಯಾರೂ ಹೇಳದೆ, ಯಾರೂ ಕರೆಯದೆ, ಅವರು ನಿಧಾನವಾಗಿ ಮೀಸೆಯವರೆಗೂ ಬಂದು ಅವನನ್ನು ನೋಡುತ್ತ ತಟ್ಟೆಯಲ್ಲಿ ಮಲಗಿದರು. ತನ್ನ ತಪ್ಪು ಎಂದುಕೊಂಡದ್ದೂ ತನ್ನದಲ್ಲವೇನೋ ಎಂದು ಅವನಿಗೆ ಮೊದಲ ಬಾರಿಗೆ ನಿಜವಾದ ಭಯ ಹತ್ತಿತು.

ಸಂಗತಿ ಇಷ್ಟೇ: ಒಂದು ಸಲ ಮಾಡಿದ ಪಿಡಿಎಫನ್ನು ಆ ಪ್ರೋಗ್ರಾಮು ಎತ್ತಿಟ್ಟುಕೊಳ್ಳುತ್ತಿತ್ತು. ಅದೇ ಸದಸ್ಯರ ನಂಬರು ಮತ್ತೆ ಕೊಟ್ಟರೆ ಹೊಸದಾಗಿ ಮಾಡುವ ಗೋಜಿಗೆ ಹೋಗದೆ ಎತ್ತಿಟ್ಟ ಹಳೆಯದನ್ನೇ ಕೊಡುತ್ತಿತ್ತು. ಭೀಮರಾಜುವೇ ಬರೆದ ಪ್ರೋಗ್ರಾಮಾಗಿದ್ದರೆ ಇದು ಅವನಿಗೆ ತಿಳಿದಿರುತ್ತಿತ್ತು. ಅವನು ಬೆವರುತ್ತ ಇನ್ನೊಬ್ಬರ ನಂಬರು ಕೊಟ್ಟ, ಮುಖ ಬಂತು. ಮತ್ತೊಬ್ಬರದು, ಬಂತು. ಬಾಗಿಲಲ್ಲಿದ್ದವರು ಒಬ್ಬೊಬ್ಬರಾಗಿ ಚಪ್ಪಲಿ ಬಿಡತೊಡಗಿದರು.

"ಅಧ್ಯಕ್ಷರೇ, ನಿಮ್ದು ಇನ್ನೂ ತೆಗ್ದೇ ಇಲ್ಲ. ಅದನ್ನ ನೋಡಾನ," ಎಂದ ಭೀಮರಾಜು ಕೊನೆಗೆ, ಬೇರೇನೂ ತೋಚದೆ.

ಗಿಡ್ಡಯ್ಯನವರು ಬೇಡ ಎನ್ನುವಷ್ಟರಲ್ಲಿ ಕಾಗದ ಹೊರಟಿತ್ತು. ಅದು ಮೊದಲಿಂದ ಕೊನೆಯವರೆಗೂ ಬಿಳಿ. ಗಿಡ್ಡಯ್ಯ, ಮರ ಇಷ್ಟು, ನುಸಿ ಇಷ್ಟು. ಹಿಂದೆ ಯಾರೂ ಇಲ್ಲ. ಚಿಕ್ಕಗಂಗಮ್ಮ ಅದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು. ತಿರುಗಿಸಿ ಹಿಡಿದಳು.

"ನೋಡಿದ್ರಾ, ಹೋಯ್ತು," ಎಂದ ಭೀಮರಾಜು. ಅವನಿಗೆ ಅಳು ಬರುವಷ್ಟು ಸಂತೋಷವಾಗಿತ್ತು. "ನಾನ್ ಹೇಳ್ಲಿಲ್ವಾ?"

ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಎಲ್ಲರೂ ಗಿಡ್ಡಯ್ಯನವರನ್ನು ನೋಡುತ್ತಿದ್ದರು.

"ಎಲ್ಲರ ಹಿಂದೆನೂ ನಿಂತವ್ರೆ," ಎಂದ ಸಣ್ಣತಿಮ್ಮಯ್ಯ ನಿಧಾನವಾಗಿ. "ನಿಮ್ಮ ಹಿಂದೆ ನಿಂತಿಲ್ಲ."

"ಅವ್ರ ಕುರ್ಚಿ ಮ್ಯಾಲೆ ದಿಂಬು ಹಾಕ್ದಾಗ್ಲೇ ನಾನು ಅಂದೆ," ಎಂದಳು ಚಿಕ್ಕಗಂಗಮ್ಮ. "ಈಗ ಸಮಾಧಿ ಬೇರೆ ಅಗೀತೀನಿ ಅಂತ ಹೊಂಟಿದ್ದ."

ಗಿಡ್ಡಯ್ಯನವರು ಭೀಮರಾಜುವನ್ನು ಮೂಲೆಗೆ ಕರೆದು, ಎರಡು ಕೈಯಲ್ಲೂ ಅವನ ಕೈ ಹಿಡಿದುಕೊಂಡು, "ಹೆಂಗಾರ ಮಾಡಿ ನನ್ನ ಕಾಗದದಾಗೂ ಬರಂಗೆ ಮಾಡಪ್ಪ. ಸಣ್ಣಗೆ ಬಂದ್ರೂ ಸರಿ," ಎಂದರು. ಸಮಾಧಿಯ ಮಾತನ್ನು ಆಮೇಲೆ ಊರಿನಲ್ಲಿ ಯಾರೂ ಎತ್ತಲಿಲ್ಲ. ಮಾರನೆಯ ದಿನ ಸಣ್ಣತಿಮ್ಮಯ್ಯ ತಾನೇ ಬಂದು ರಾಮಕ್ಕನ ತೋಟದ ಕಾಯಿ ಕಿತ್ತುಕೊಟ್ಟ. ಪ್ರತಿ ಗೊನೆಗೂ ಕತ್ತಿ ಹಾಕುವ ಮುಂಚೆ ಕೆಳಗೆ ಬಗ್ಗಿ, ಹಾಕಲಾ, ಎಂದು ಕೇಳಿ ಹಾಕಿದನಂತೆ.

ಭೀಮರಾಜುವಿಗೆ ಮಾತ್ರ ಮನಸ್ಸು ನೆಟ್ಟಗಾಗಲಿಲ್ಲ. ಊರ ಮುಂದೆ ನಿಜ ಹೇಳಿ ಯಾರೂ ನಂಬದೇ ಹೋದರೆ ಅದು ಹೇಳಿದ ಲೆಕ್ಕವೋ ಹೇಳದ ಲೆಕ್ಕವೋ ಅವನಿಗೆ ತಿಳಿಯಲಿಲ್ಲ. ತುಮಕೂರಿನ ಹುಡುಗರಿಗೆ ಫೋನು ಮಾಡಿ, ಎತ್ತಿಟ್ಟ ಪಿಡಿಎಫ್‌ಗಳನ್ನು ಅಳಿಸುವುದು ಹೇಗೆಂದು ಬೈಸಿಕೊಂಡು ಕಲಿತ. ಕಲಿತು, ಒಂದು ಮಧ್ಯಾಹ್ನ ರಾಮಕ್ಕನ ಮನೆಗೆ ಹೋದ.

ಅವಳು ನಡುಮನೆಯ ಬಾಗಿಲಲ್ಲಿ ಕೂತಿದ್ದಳು. ಒಳಗೆ ಅರೆಬೆಳಕು. ಗೋಡೆಯ ಉದ್ದಕ್ಕೂ ಆ ಕಾಗದಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿಟ್ಟಿದ್ದಳು. ಭೀಮರಾಜು ಹೊಸ್ತಿಲ ಈಚೆಗೇ ಕೂತ.

"ರಾಮಕ್ಕ, ದೇವ್ರಾಣೆಗೂ ಅದು ನನ್ನ ತಪ್ಪು," ಎಂದ.

"ಗೊತ್ತು ಕಣಪ್ಪ. ಫೋಟೋ ಕೊಟ್ಟೋಳು ನಾನಲ್ವಾ? ಶಾಲಿನ ಹೊಲಿಗೆ ಬಿಟ್ಟಿರಾದು ಸೈತ ಕಾಣ್ತದೆ."

"ಗೊತ್ತಿದ್ರೆ ಅವತ್ತೇ ಯಾಕೆ ಹೇಳ್ಲಿಲ್ಲ? ಸಮಾಧಿ ಅಗಿಯಾಕೆ ಬಂದಿದ್ರಲ್ಲ."

ರಾಮಕ್ಕ ಕೈ ಚಾಚಿ, ಓರೆಯಾಗಿದ್ದ ಕಾಗದವೊಂದನ್ನು ನೆಟ್ಟಗೆ ನಿಲ್ಲಿಸಿದಳು. ಭೀಮರಾಜುವಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ನಾಳೆ ಎಲ್ಲಾ ಅಳಿಸ್ಬುಡ್ತೀನಿ," ಎಂದ. "ಒಂದೂ ಉಳಿಯಾಕಿಲ್ಲ. ನಿಮ್ಮ ಬಾಗಿಲಿಗೆ ಯಾರೂ ತಂದು ಇಕ್ಕಾಕಿಲ್ಲ."

"ಯಾಕೆ ಅಳಿಸ್ತೀಯಾ?" ಎಂದಳು ರಾಮಕ್ಕ. "ಬದುಕಿದ್ದಾಗ ಸಂಘ ಸಂಘ ಅಂತ ಹೋದ ಮನುಷ್ಯ. ಉಣ್ಣಾಕೆ ಸೈತ ಹೊತ್ತಿಗೆ ಸರಿಯಾಗಿ ಬರ್ಲಿಲ್ಲ. ಅನ್ನ ಮುಚ್ಚಿಕ್ಕಿ ಕಾದಿದ್ದೇ ಬಂತು. ಈಗ ನೋಡು, ಒಂದಿನಾನೂ ತಪ್ಪಿಲ್ಲ. ಇನ್ನೊಂದಷ್ಟು ದಿನ ಬರ್ಲಿ ಬುಡು."

ಅವಳು ಎದ್ದು ಹೊರಗೆ ಹೋಗಿ, ಅವತ್ತು ಯಾರೋ ಕಲ್ಲು ಹೇರಿ ಇಟ್ಟುಹೋಗಿದ್ದ ಕಾಗದವನ್ನು ಎತ್ತಿಕೊಂಡಳು. ಕುಂಕುಮವನ್ನು ಸೆರಗಿನಿಂದ ಒರೆಸಿದಳು.

"ಬಾ, ಉಣ್ಣೀವಂತೆ, ಹೊತ್ತಾಯ್ತು," ಎಂದಳು.

ಭೀಮರಾಜು, ಬೇಡ ರಾಮಕ್ಕ, ಮನೇಲಿ ಆಗೈತೆ, ಎನ್ನಲು ತಲೆಯೆತ್ತಿದ. ರಾಮಕ್ಕ ಅವನ ಕಡೆ ನೋಡುತ್ತಿರಲಿಲ್ಲ.